ಹಿಂದಿನ ಪ್ಯಾಡಿನ ತೀರ್ಪು

ಆ ರಸ್ತೆಯಲ್ಲಿ ಗ್ಯಾರೇಜುಗಳಿಗೇನೂ ಬರವಿರಲಿಲ್ಲ. ಇಂಜಿನ್ನಿಗೊಂದು, ಪಂಕ್ಚರಿಗೊಂದು, ಬಣ್ಣಕ್ಕೊಂದು, ಬಾನೆಟ್ ಎತ್ತಿ ಸುಮ್ಮನೆ ತಲೆ ಅಲ್ಲಾಡಿಸುವುದಕ್ಕೂ ಒಂದು. ಬ್ರೇಕು ಕೆಟ್ಟರೆ ಮಾತ್ರ ಎಲ್ಲರೂ ಜಡ್ಜಿನ ಹತ್ತಿರವೇ ಬರುತ್ತಿದ್ದರು. ಜಡ್ಜು ಕೋರ್ಟಿನ ಮೆಟ್ಟಿಲು ಹತ್ತಿದವನಲ್ಲ. ಬ್ರೇಕಿನ ಧೂಳು ತಿಂದೇ ಕೂದಲು ನರೆಸಿಕೊಂಡವನು. ಆ ಹೆಸರು ಬಂದದ್ದು ಅವನ ಕೆಲಸದ ರೀತಿಯಿಂದ.

ಬೇರೆ ಮೆಕ್ಯಾನಿಕ್ಕುಗಳು ಚಕ್ರವನ್ನು ಒತ್ತಿ ಹಿಡಿದು ಸವೆದ ಬ್ರೇಕ್ ಪ್ಯಾಡು ಕಿತ್ತು ಮೂಲೆಗೆ ಎಸೆದು ಹೊಸದು ಹಾಕುತ್ತಾರೆ. ಜಡ್ಜು ಹಾಗೆ ಮಾಡುತ್ತಿರಲಿಲ್ಲ. ಕಿತ್ತ ಪ್ಯಾಡುಗಳನ್ನೆಲ್ಲ ಅಂಗಡಿಯ ಮುಂದಿನ ಕಬ್ಬಿಣದ ಮೇಜಿನ ಮೇಲೆ ಚಕ್ರಗಳು ಇದ್ದ ಹಾಗೆಯೇ ಜೋಡಿಸುತ್ತಿದ್ದ. ಮುಂದಿನವು ಮುಂದೆ, ಹಿಂದಿನವು ಹಿಂದೆ, ಎಡದವು ಎಡಕ್ಕೆ. ಆಮೇಲೆ ಗಾಡಿ ಓಡಿಸಿದವನನ್ನು ಮೇಜಿನ ಆಚೆ ಬದಿಗೆ ನಿಲ್ಲಿಸಿ ವಿಚಾರಣೆ ಶುರು ಮಾಡುತ್ತಿದ್ದ.

"ನೀನು ಮುಂದಿನ ಗಾಡಿಯ ಹಿಂಭಾಗಕ್ಕೆ ಮುತ್ತು ಕೊಡೋ ಹತ್ತಿರ ಹೋದ್ಮೇಲೇ ಬ್ರೇಕ್ ನೆನಪು ಮಾಡ್ಕೊಳ್ಳೋನು. ಹೌದೋ ಅಲ್ವೋ?"

"ಹೌದು ಜಡ್ಜಣ್ಣ."

"ಇಳಿಜಾರಲ್ಲಿ ಬ್ರೇಕ್ ಮೇಲೇ ಕಾಲಿಟ್ಕೊಂಡು ನಿದ್ದೆ ಮಾಡ್ತೀಯ. ಹೌದೋ ಅಲ್ವೋ?"

"ಅದು ಸ್ವಲ್ಪ ಭಯ ಜಡ್ಜಣ್ಣ..."

"ಭಯ ಇದ್ರೆ ಬಸ್ಸಲ್ಲಿ ಓಡಾಡು!"

ಬೈಸಿಕೊಂಡವರಿಗೆ ಬೇಸರವಾಗುತ್ತಿರಲಿಲ್ಲ. ಇಷ್ಟು ಬೈಯುವವನು ಕೆಲಸ ಸರಿಯಾಗಿಯೇ ಮಾಡಿರುತ್ತಾನೆ ಎಂದು ಖುಷಿಯಾಗಿ ಹೋಗುತ್ತಿದ್ದರು.

ಅವನ ಕೋರ್ಟಿನಲ್ಲಿ ಇದ್ದದ್ದು ಒಂದೇ ಕಾನೂನು. ಮುಂದಿನ ಪ್ಯಾಡು ಮೊದಲು ಸವೆಯಬೇಕು. ಬ್ರೇಕ್ ಒತ್ತಿದಾಗ ಗಾಡಿಯ ಭಾರವೆಲ್ಲ ಮೂಗಿನ ಮೇಲೆ ಬೀಳುತ್ತದೆ, ದುಡಿಯುವುದು ಮುಂದಿನ ಚಕ್ರ, ಹಿಂದಿನದು ಜೊತೆಗೆ ಬರುತ್ತದೆ ಅಷ್ಟೆ. "ಮುಂದಿನವು ಮನೆಯವರು, ಹಿಂದಿನವು ನೆಂಟರು. ನೆಂಟರು ಸವೆದಿದ್ದನ್ನ ಎಲ್ಲಾದ್ರೂ ಕಂಡಿದ್ದೀರಾ?" ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಹೇಳುವಾಗ ಬಾಮೈದ ಎಲ್ಲಿದ್ದಾನೆ ಎಂದು ಒಮ್ಮೆ ಕಣ್ಣು ಹಾಯಿಸುತ್ತಿದ್ದ.

ಬಾಮೈದ ಅಂದರೆ ಹೆಂಡತಿಯ ತಮ್ಮ. ಮೂವತ್ತು ದಾಟಿದ, ಮೆತ್ತಗಿನ, ಯಾವುದಕ್ಕೂ ಎದುರು ಮಾತಾಡದ ಮನುಷ್ಯ. ಜಡ್ಜಿನ ಮನೆಯ ಸೋಫಾದ ಒಂದು ಬದಿ ಅವನ ಬೆನ್ನಿನ ಆಕಾರಕ್ಕೇ ತಗ್ಗಿತ್ತು. ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಕಾರು ಓಡಿಸುವುದು. ಅದನ್ನು ಮಾತ್ರ ಚೆನ್ನಾಗಿ ಮಾಡುತ್ತಿದ್ದ. ಅವನ ಪಕ್ಕ ಕೂತವರು ಕಾರು ನಿಂತದ್ದು ಗೊತ್ತಾಗದೆ ಮಾತು ಮುಂದುವರಿಸುತ್ತಿದ್ದರು. ಟೈಲ್ಸ್ ಅಂಗಡಿಯ ಸಾಹುಕಾರ ಒಂದು ಭಾರಿ ಎಸ್‌ಯುವಿ ಕೊಂಡು ಡ್ರೈವರಿಗಾಗಿ ಹುಡುಕುತ್ತಿದ್ದಾಗ ಜಡ್ಜು ಬಾಮೈದನನ್ನು ಅಲ್ಲಿಗೆ ದಾಟಿಸಿ, ಆ ದಿನ ಸೋಫಾದ ಮೇಲೆ ತಾನೇ ಕಾಲು ಚಾಚಿ ಮಲಗಿದ್ದ.

ಆ ಎಸ್‌ಯುವಿ ಮೊದಲ ಸಲ ಬ್ರೇಕಿನ ಕೆಲಸಕ್ಕೆ ಬಂದ ದಿನ ಸಾಹುಕಾರನೂ ಜೊತೆಗೇ ಬಂದಿದ್ದ. ಗಾಡಿ ಮನೆಯಷ್ಟು ಎತ್ತರ. ಒಳಗಿನ ಸೀಟು ಜಡ್ಜಿನ ಮನೆಯ ಹಾಸಿಗೆಗಿಂತ ಮೆತ್ತಗೆ. ಜಡ್ಜು ಚಕ್ರ ಬಿಚ್ಚಿ, ಪ್ಯಾಡು ಕಿತ್ತು, ಮೇಜಿನ ಮೇಲೆ ಜೋಡಿಸಿದ. ಜೋಡಿಸುತ್ತಲೇ ಹುಬ್ಬು ಗಂಟಾಯಿತು. ಮುಂದಿನವು ದಪ್ಪಗೆ, ಉಂಡು ಮಲಗಿದವರ ಹಾಗಿದ್ದವು. ಹಿಂದಿನವು ಸವೆದು ಕಬ್ಬಿಣ ಕಾಣುತ್ತಿತ್ತು.

"ಬಾರೋ ಇಲ್ಲಿ," ಎಂದ ಬಾಮೈದನಿಗೆ. "ಇದೇನು?"

"ಪ್ಯಾಡು ಭಾವ."

"ಅದು ನನಗೂ ಗೊತ್ತು. ನೆಂಟರು ಯಾಕೆ ಸವೆದ್ರು? ಹ್ಯಾಂಡ್‌ಬ್ರೇಕ್ ಎಳ್ಕೊಂಡೇ ಊರೆಲ್ಲಾ ತಿರುಗಿದ್ದೀಯ."

"ಇದರಲ್ಲಿ ಹ್ಯಾಂಡ್‌ಬ್ರೇಕ್ ಎಳೆಯೋದೇ ಇಲ್ಲ ಭಾವ, ಬಟನ್ನು."

"ಹಂಗಾದ್ರೆ ಬಟನ್ ಒತ್ಕೊಂಡೇ ತಿರುಗಿದ್ದೀಯ!"

"ಹಾಗೆ ಮಾಡಿದ್ರೆ ಗಾಡಿನೇ ಕಿರುಚ್ಕೊಳ್ಳತ್ತೆ..."

"ಗಾಡಿ ಕಿರುಚಿದ್ರೂ ನಿನಗೆ ಕೇಳ್ಸಲ್ಲ, ಮನೇಲಿ ನಾನು ಕಿರುಚಿದ್ರೆ ಕೇಳ್ಸಿತ್ತಾ? ತಪ್ಪು ಇವನದೇ ಸಾಹುಕಾರ್ರೇ. ನಂ ಬಾಮೈದ ಅಂತ ನಾನು ಮುಚ್ಚಿಡಲ್ಲ."

ಜಡ್ಜು ಬೈದದ್ದು ಬೈಯುವ ಚಟಕ್ಕೆ. ಎಲ್ಲರಿಗೂ ಬೈಯುತ್ತಿದ್ದ, ಇವನಿಗೂ ಬೈದ. ಸಾಹುಕಾರ ಅದನ್ನು ನಿಜಕ್ಕೂ ತೀರ್ಪು ಎಂದೇ ತಿಳಿದ. ಅಂಗೈ ಚಾಚಿ ಬಾಮೈದನಿಂದ ಬೀಗದ ಕೈ ಇಸಿದುಕೊಂಡ.

"ನಾಳೆಯಿಂದ ಬರಬೇಡಪ್ಪ," ಎಂದ. ಆಮೇಲೆ ಜಡ್ಜಿನ ಹೆಗಲ ಮೇಲೆ ಕೈಯಿಟ್ಟ. "ಸ್ವಂತ ಹೆಂಡತಿ ತಮ್ಮ ಅಂತಲೂ ನೋಡಲಿಲ್ಲ ನೀವು. ಈ ಕಾಲದಲ್ಲಿ ಇಂಥವರು ಎಲ್ಲಿದ್ದಾರೆ?"

ಜಡ್ಜಿನ ಬಾಯಿ ತೆರೆದೇ ಇತ್ತು. ಅಷ್ಟಕ್ಕೆಲ್ಲ ಕೆಲಸದಿಂದ ತೆಗೆಯಬೇಕಾಗಿಲ್ಲ ಎನ್ನಲು ಹೊರಟಿದ್ದ. ಆದರೆ ಸುತ್ತ ನಿಂತಿದ್ದವರೆಲ್ಲ ತಲೆದೂಗುತ್ತಿದ್ದರು. ಪಂಕ್ಚರಿನವನಂತೂ ಕೆಲಸ ಬಿಟ್ಟು ಬಂದು ನೋಡುತ್ತಿದ್ದ. ಹೊಗಳಿಕೆ ಬಿಸಿ ಚಹಾದ ಹಾಗೆ ಎದೆಯೊಳಗೆ ಇಳಿಯಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮನೆಯಲ್ಲಿ ಚಹಾ ಸಿಗಲಿಲ್ಲ.

"ಊರಿಗೆಲ್ಲ ನ್ಯಾಯ ಹೇಳಿದ್ದು ಸಾಲದು ಅಂತ ನನ್ನ ತಮ್ಮನ ಅನ್ನಕ್ಕೇ ಕಲ್ಲು ಹಾಕಿದ್ರಾ?" ಎಂದಳು ಹೆಂಡತಿ. ತಟ್ಟೆಯನ್ನು ಮೇಜಿನ ಮೇಲೆ ಇಡಲಿಲ್ಲ, ಕುಕ್ಕಿದಳು.

"ಪ್ಯಾಡು ಸುಳ್ಳು ಹೇಳಲ್ಲ ಕಣೇ."

"ಪ್ಯಾಡಿಗೆ ಬಾಯಿಲ್ಲ. ಸುಳ್ಳು ಹೇಳೋಕೆ ನೀವಿದ್ದೀರಲ್ಲ. ನೀವು ಕಳೆದ ಕೆಲಸ ನೀವೇ ತಂದುಕೊಡಿ. ಅಲ್ಲಿವರೆಗೂ ನನ್ನ ಹತ್ತಿರ ಮಾತು ಬೇಡ."

ಮಾತು ಬೇಡ ಎಂದವಳು ಆಮೇಲೆ ಮಲಗುವವರೆಗೂ ಮಾತಾಡಿದಳು. ಬಾಮೈದ ಮಾತ್ರ ಎಂದಿನಂತೆ ಊಟ ಮುಗಿಸಿದ. ಸೋಫಾದಲ್ಲಿ ತನ್ನ ತಗ್ಗಿಗೆ ಹೋಗಿ ಕೂತ. ಜಗಳ ಮಾಡಿದ್ದರೆ ಜಡ್ಜಿಗೆ ಸಮಾಧಾನವಾಗುತ್ತಿತ್ತು. ಮರುದಿನದಿಂದ ಅವನು ಭಾವನ ಜೊತೆಗೇ ಗ್ಯಾರೇಜಿಗೆ ಬಂದು, ನಟ್ಟು ಬೋಲ್ಟು ಒರೆಸುತ್ತಾ, ಬಂದವರಿಗೆಲ್ಲ ಕುರ್ಚಿ ಹಾಕುತ್ತಾ ಇದ್ದುಬಿಟ್ಟ. ಬೇರೆ ಯಾರೂ ಅವನನ್ನು ಡ್ರೈವರ್ ಕೆಲಸಕ್ಕೆ ಕರೆಯಲಿಲ್ಲ. ಜಡ್ಜೇ ಅವನನ್ನು ಬಾಯಾರೆ ತಪ್ಪಿತಸ್ಥ ಎಂದ ಮೇಲೆ ಯಾರು ಕರೆಯುತ್ತಾರೆ?

ಹೀಗಿರುವಾಗ ಹಲ್ಲಿನ ಡಾಕ್ಟರಮ್ಮ ತನ್ನ ಎಸ್‌ಯುವಿ ತಂದಳು. ಅವಳದ್ದೂ ಅಂಥದ್ದೇ ಗಾಡಿ, ಬಣ್ಣ ಬೇರೆ. ಡ್ರೈವರ್ ಇಲ್ಲ, ತಾನೇ ಓಡಿಸುವವಳು. ಜಡ್ಜಿಗೆ ಅವಳ ಮೇಲೆ ಗೌರವ, ಮುಖ್ಯವಾಗಿ ಅವಳು ಅವನ ದವಡೆ ಹಲ್ಲು ಕಿತ್ತಾಗಿನಿಂದ. ಪ್ಯಾಡು ಕಿತ್ತು ಜೋಡಿಸಿದ. ಮುಂದಿನವು ದಪ್ಪ, ಹಿಂದಿನವು ತೆಳು.

ಜಡ್ಜು ಮೇಜಿನ ಸುತ್ತ ಒಂದು ಸಲ ತಿರುಗಿದ. ತಾನೇ ತಪ್ಪಿ ಹಿಂದುಮುಂದು ಇಟ್ಟೆನೇನೋ ಎಂದು ನೋಡಿದ.

"ಡಾಕ್ಟ್ರೇ, ನೀವೂ ಬಟನ್ ಒತ್ಕೊಂಡೇ ಓಡಿಸ್ತೀರಾ?"

"ನನ್ನ ನೋಡಿದ್ರೆ ಹಾಗೆ ಕಾಣತ್ತಾ?"

"ಮುಂದಿನದು ಮೊದಲು ಸವೀಬೇಕು. ಅದು ಕಾನೂನು."

"ಯಾರು ಮಾಡಿದ ಕಾನೂನು? ನಿಮ್ಮ ಬಾಯಲ್ಲೇ ನೋಡಿ. ಮುಂದಿನ ಹಲ್ಲು ಊರಿಗೆ ತೋರ್ಸೋಕೆ. ಅಗಿದು ಅಗಿದು ಸವೆದಿದ್ದು ಹಿಂದಿನವು. ಕಿತ್ತಿದ್ದು ನಾನೇ ಅಲ್ವಾ?"

ಹಿಂದೆ ನಟ್ಟು ಒರೆಸುತ್ತಿದ್ದ ಬಾಮೈದ ಕೆಮ್ಮಿದ. ಅದು ಕೆಮ್ಮೋ ನಗುವೋ ಎಂದು ಜಡ್ಜಿಗೆ ತಿಳಿಯಲಿಲ್ಲ.

"ಕೆಮ್ಮೋದು ಆಚೆ ಹೋಗಿ ಕೆಮ್ಮು!" ಎಂದು ಕೂಗಿ, ಹೊಸ ಪ್ಯಾಡು ಹಾಕಿದ ಮೇಲೆ ಡಾಕ್ಟರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾನೇ ಗಾಡಿಯನ್ನು ಹೊರಗೆ ತೆಗೆದ. ಅವಳ ಓಡಿಸುವ ದೋಷ ಅವಳಿಗೇ ತೋರಿಸಿಕೊಡಬೇಕು ಎಂಬುದು ಅವನ ಲೆಕ್ಕ.

ಊರು ದಾಟಿ ದೊಡ್ಡ ರಸ್ತೆಗೆ ಬಂದಾಗ ಡಾಕ್ಟರಮ್ಮ ಕೈಚಾಚಿ ಸ್ಟೀರಿಂಗಿನ ಮೇಲಿನ ಒಂದು ಗುಂಡಿ ಒತ್ತಿದಳು. "ನಾನು ಹೀಗೇ ಹೋಗೋದು. ಈಗ ಕಾಲು ತೆಗೀರಿ," ಎಂದಳು.

"ಕಾಲು ತೆಗೆದ್ರೆ ಗಾಡಿ ಯಾರು ಓಡಿಸೋದು?"

"ಅದೇ ಓಡತ್ತೆ. ಮುಂದೆ ಯಾರಾದ್ರೂ ಬಂದ್ರೆ ಅದೇ ನಿಧಾನ ಮಾಡ್ಕೊಳ್ಳತ್ತೆ."

ಜಡ್ಜು ಅಪನಂಬಿಕೆಯಿಂದ ಕಾಲು ತೆಗೆದ. ಮುಂದೆ ಒಂದು ಲಾರಿ ತೆವಳುತ್ತಿತ್ತು. ಅವನ ಬಲಗಾಲು ತಾನಾಗಿಯೇ ಬ್ರೇಕಿನ ಮೇಲೆ ಹಾರಲು ಹೊರಟಿತು. ಡಾಕ್ಟರಮ್ಮ ಹಲ್ಲು ಕೀಳುವಾಗ ಹೇಳುವ ದನಿಯಲ್ಲಿಯೇ "ಅಲ್ಲಾಡಬೇಡಿ" ಎಂದಳು. ಗಾಡಿ ಮೂಗು ಬಗ್ಗಿಸದೆ, ಒಂದಿಷ್ಟೂ ಕುಲುಕದೆ ತಾನೇ ನಿಧಾನವಾಯಿತು. ಮೂಗು ಬಗ್ಗಲಿಲ್ಲ ಎಂಬುದೇ ಜಡ್ಜಿಗೆ ಚುಚ್ಚಿತು. ಮುಂದಿನ ಬ್ರೇಕು ಹಿಡಿದಿದ್ದರೆ ಮೂಗು ಬಗ್ಗಲೇಬೇಕು. ಹಾಗೆಯೇ ಲಾರಿಗಳ ಹಿಂದೆ ಓಡಿ, ನಿಧಾನವಾಗಿ, ಮತ್ತೆ ಓಡಿ, ಕಡೆಗೆ ರಸ್ತೆಯ ಪಕ್ಕ ನಿಲ್ಲಿಸಿ ಇಳಿದ. ಮುಂದಿನ ಚಕ್ರದ ಹತ್ತಿರ ಕೈಯ ಹಿಂಭಾಗ ಹಿಡಿದ. ಬೆಚ್ಚಗಿತ್ತು. ಹಿಂದಿನ ಚಕ್ರದ ಹತ್ತಿರ ಹಿಡಿದ. ಒಲೆಯ ಬಾಯಿಗೆ ಹಿಡಿದಂತಾಗಿ ಕೈ ಎಳೆದುಕೊಂಡ. ಆ ಕಡೆಯ ಚಕ್ರಗಳಿಗೂ ಹೋಗಿ ಹಿಡಿದ. ಅದೇ ಕತೆ. ಈಗ ಅವನಿಗೆ ಹೊಳೆಯಿತು.

ಒಳಗೆ ಕೂರುವವರ ಮೈ ಮುಂದಕ್ಕೆ ವಾಲಬಾರದು ಎಂದು ಗಾಡಿ ಕಟ್ಟಿದವರು ಸಣ್ಣಪುಟ್ಟ ಬ್ರೇಕಿನ ಕೆಲಸವನ್ನೆಲ್ಲ ಹಿಂದಿನ ಚಕ್ರಕ್ಕೆ ಹೊರಿಸಿದ್ದರು. ಅದರ ಮೇಲೆ ಹಿಂದಿನ ಪ್ಯಾಡು ಹುಟ್ಟುವಾಗಲೇ ತೆಳು. ಮೆತ್ತಗೆ ಓಡಿಸಿದಷ್ಟೂ ಹಿಂದಿನದೇ ಸವೆಯುತ್ತದೆ. ಬಾಮೈದನಷ್ಟು ಮೆತ್ತಗೆ ಓಡಿಸುವವನು ಆ ಊರಲ್ಲೇ ಇರಲಿಲ್ಲ.

ಜಡ್ಜು ರಸ್ತೆ ಪಕ್ಕದ ಕಲ್ಲಿನ ಮೇಲೆ ಕುಕ್ಕರಿಸಿದ. "ನೆಂಟರನ್ನ ದುಡಿಸಿ ಮನೆಯವರು ಮಲಗಿದಾರೆ," ಎಂದ.

"ಏನಂದ್ರಿ?"

"ಏನಿಲ್ಲ ಡಾಕ್ಟ್ರೇ. ಹಲ್ಲು ನೋಯ್ತಿದೆ."

ಮರುದಿನ ಒಗೆದ ಅಂಗಿ ಹಾಕಿಕೊಂಡು ಟೈಲ್ಸ್ ಅಂಗಡಿಗೆ ಹೋದ. ಅಂಗಡಿ ತುಂಬ ಹೊಳೆಯುವ ಸಿಂಕು, ನಲ್ಲಿ, ಕಮೋಡು. ಸಾಹುಕಾರ ಗಿರಾಕಿಗಳ ಜೊತೆಗಿದ್ದ. ಕೂರಲು ಬೇರೆ ಏನೂ ಕಾಣದೆ ಜಡ್ಜು ಪ್ರದರ್ಶನಕ್ಕಿಟ್ಟಿದ್ದ ಒಂದು ಕಮೋಡಿನ ಮುಚ್ಚಳದ ಮೇಲೆ ಕೂತ. ಜೀವಮಾನದಲ್ಲಿ ಮೊದಲ ಸಲ ತಪ್ಪು ಒಪ್ಪಿಕೊಳ್ಳಲು ಬಂದವನಿಗೆ ಸಿಕ್ಕ ಆಸನ ಅದು.

ಸಾಹುಕಾರ ಬಿಡುವಾಗಿ ಬಂದಾಗ ಜಡ್ಜು ಉಸಿರು ಬಿಡದೆ ಎಲ್ಲ ಹೇಳಿದ. ಲಾರಿ, ಗುಂಡಿ, ಮೂಗು, ಬಿಸಿ ಚಕ್ರ. "ತಪ್ಪು ನಂದು. ಹುಡುಗ ಚೆನ್ನಾಗೇ ಓಡ್ಸಿದಾನೆ. ಅವನನ್ನ ವಾಪಸ್ ತಗೊಳ್ಳಿ," ಎಂದು ಮುಗಿಸಿದ.

ಸಾಹುಕಾರ ಬಹಳ ಮರುಕದಿಂದ ಅವನನ್ನು ನೋಡಿದ.

"ಮನೇಲಿ ಜೋರು ಮಾಡಿದ್ರಾ?"

"ಯಾರು?"

"ಮನೆಯವರು. ತಮ್ಮನ ವಿಷಯ ಅಂದ್ರೆ ಬಿಡ್ತಾರಾ? ನನಗೂ ಬಾಮೈದಂದಿರಿದ್ದಾರಪ್ಪ, ಗೊತ್ತು."

"ಅದಲ್ಲ ಸಾಹುಕಾರ್ರೇ, ಕೈ ಹಿಡಿದು ನೋಡಿದ್ದೀನಿ, ಹಿಂದಿನ ಚಕ್ರ ಕೆಂಡ..."

"ನೋಡಿ. ನಿಮ್ಮವನ ವಿರುದ್ಧ ನೀವು ಹೇಳಿದಾಗ ನಾನು ಒಂದು ಮಾತೂ ಕೇಳದೆ ನಂಬ್ದೆ. ಯಾಕೆ? ನಿಮ್ಮವನ ವಿರುದ್ಧ ಯಾರೂ ಸುಮ್ಸುಮ್ನೆ ಹೇಳಲ್ಲ. ಈಗ ನಿಮ್ಮವನ ಪರ ಹೇಳ್ತಿದ್ದೀರಿ. ಹೆಂಗೆ ನಂಬಲಿ, ನೀವೇ ಹೇಳಿ."

ಜಡ್ಜಿಗೆ ಸಿಟ್ಟು ನೆತ್ತಿಗೇರಿತು. "ಆವತ್ತು ಹೇಳಿದ್ದು ಸುಳ್ಳು, ಇವತ್ತು ಹೇಳ್ತಿರೋದು ನಿಜ!"

"ಆವತ್ತು ನಿಮ್ಮ ಮುಖದಲ್ಲಿ ಏನು ಕಳೆ ಇತ್ತು! ಇವತ್ತು ನೋಡಿ, ಬೆವರ್ತಿದ್ದೀರಿ. ಅಲ್ಲ, ಅಂಥಾ ಗಾಡಿ ಕಟ್ಟಿದವರು ಹಿಂದೆ ಯಾವುದು ಮುಂದೆ ಯಾವುದು ತಿಳೀದೆ ಕಟ್ಟಿದ್ದಾರಾ? ಇನ್ಮುಂದೆ ನಾನೇ ಓಡಿಸ್ತೀನಿ. ಮುಂದಿನ ಪ್ಯಾಡೇ ಮೊದಲು ಸವೆಸಿ ನಿಮ್ಮ ಮೇಜಿನ ಮೇಲೆ ತಂದಿಡ್ತೀನಿ. ಆಗ ನಿಮಗೇ ನಿಮ್ಮ ಮೊದಲ ತೀರ್ಪಿನ ಬೆಲೆ ತಿಳಿಯತ್ತೆ. ಆ ಪೀಸು ತಗೊಳ್ಳೋದಿದ್ರೆ ಹೇಳಿ, ನಿಮಗೆ ಬಿಟ್ಟುಕೊಡ್ತೀನಿ."

ಯಾವ ಪೀಸು ಎಂದು ನೋಡಿಕೊಂಡು ಜಡ್ಜು ಕಮೋಡಿನಿಂದ ಎದ್ದ.

ಹೀಗೆ ಅವನು ನ್ಯಾಯವಂತ ಎಂಬ ಹೆಸರೇ ಅವನ ಬಾಮೈದನ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಜಡ್ಜು ಮಳಿಗೆ ಮಳಿಗೆಗೆ ಹೋಗಿ ತನ್ನ ತೀರ್ಪು ತಪ್ಪು ಎಂದು ಹೇಳಿದ. ಕೇಳಿದವರೆಲ್ಲ ಹೆಂಡತಿಯ ಕಾಟ ಎಂದು ಪಿಸುಗುಟ್ಟಿದರು. ಪಂಕ್ಚರಿನವನು "ಬಿಡಣ್ಣ, ನೀನು ಅಂದದ್ದೇ ಸರಿ, ನಮಗೆ ಗೊತ್ತು," ಎಂದು ಕಣ್ಣು ಹೊಡೆದ. ಜಡ್ಜು ಅವನನ್ನು ಹೊಡೆಯಲು ಹೋದಾಗ ಬಾಮೈದ ಹಿಡಿದುಕೊಂಡ. ಮನೆಯಲ್ಲಿ ಹೆಂಡತಿ ಬಾಗಿಲು ತೆಗೆದಾಗಲೆಲ್ಲ ಗಂಡನ ಮುಖವನ್ನಲ್ಲ, ಹಿಂದೆ ಬರುವ ತಮ್ಮನ ಕೈಯನ್ನು ನೋಡುತ್ತಿದ್ದಳು, ಕಾರಿನ ಬೀಗದ ಕೈ ಇದೆಯೇ ಎಂದು.

ಹವಾ ಬದಲಾಗಿ, ಚಳಿಗೆ ಹಾಕಿದ್ದ ಅಂಗಡಿಯ ಪರದೆ ತೆಗೆದ ಮೇಲೆ ಒಂದು ಬೆಳಿಗ್ಗೆ ಸಾಹುಕಾರನ ಎಸ್‌ಯುವಿ ಕೀಚು ಕೀಚು ಎನ್ನುತ್ತಾ ಬಂದು ನಿಂತಿತು. ಓಡಿಸಿಕೊಂಡು ಬಂದವನು ಸಾಹುಕಾರನೇ. ಪಕ್ಕದ ಸೀಟಿನಿಂದ ಅವನ ಹೆಂಡತಿ ಇಳಿದಳು. ಮದುವೆಯಾದಾಗಿನಿಂದ ಗಂಡ ಓಡಿಸುವ ಗಾಡಿಯಲ್ಲಿ ಕಣ್ಣು ಮುಚ್ಚಿಯೇ ಕೂರುತ್ತಿದ್ದ ಹೆಂಗಸು. ಈಗ ಕಣ್ಣು ಅಗಲವಾಗಿ ತೆರೆದಿದ್ದಳು.

ಜಡ್ಜು ಚಕ್ರ ಬಿಚ್ಚಿದ. ಪ್ಯಾಡು ಕಿತ್ತ. ಒಂದೊಂದನ್ನೂ ಮೇಜಿನ ಮೇಲೆ ಟಪ್ಪೆಂದು ಖುಷಿಯಿಂದ ಇಟ್ಟ. ಮುಂದಿನವು ಹೊಸ ಸೋಪಿನ ಹಾಗೆ. ಹಿಂದಿನವು ಬಚ್ಚಲಲ್ಲಿ ಉಳಿದ ಸೋಪಿನ ಚೂರಿನ ಹಾಗೆ.

ಸಾಹುಕಾರ ನೋಡಿದ. ಮುಖ ಹಿಂಡಿದಂತಾಯಿತು. ಹೆಂಡತಿ ಆ ಕಡೆ ಬಾಮೈದ ಹಾಕಿದ ಕುರ್ಚಿಯಲ್ಲಿ ಕೂರುತ್ತಿದ್ದಾಗ ಜಡ್ಜನ್ನು ಕಂಬದ ಮರೆಗೆ ಎಳೆದ.

"ಮೆತ್ತಗೆ ಮಾತಾಡಿ. ದೊಡ್ಡ ರಸ್ತೇಲಿ ನಾನೂ ಆ ಗುಂಡಿ ಒತ್ತಿಯೇ ಹೋಗ್ತಿದ್ದೆ, ಮತ್ತೆ ಹಿಂದಿನದೇ ಹೋಗಿದ್ಯಲ್ಲ."

"ಈಗಾದ್ರೂ ನಂಬ್ತೀರಾ?"

"ನಾನು ನಂಬ್ತೀನಿ ಮಾರಾಯ. ಅವಳು ನಂಬ್ಬೇಕಲ್ಲ. ಡ್ರೈವರ್‌ನ ತೆಗೆದಿದ್ದು ಯಾಕೆ, ಸರಿಯಾಗಿ ಓಡಿಸ್ತಿದ್ದ, ನಿಮಗೇ ಓಡಿಸೋಕೆ ಬರಲ್ಲ ಅಂತ ಅವಳು ದಿನಾ ನನ್ನ ಜೀವ ತಿಂತಿದ್ದಾಳೆ. ಹಿಂದಿನ ಪ್ಯಾಡು ಹೋದ್ರೆ ಓಡಿಸಿದವನ ತಪ್ಪು ಅಂತ ನಾನೇ ಅವಳಿಗೆ ಹೇಳಿಬಿಟ್ಟಿದ್ದೀನಿ, ನಿಮ್ಮ ತೀರ್ಪು ಕೇಳ್ಕೊಂಡು ಹೋಗಿ. ಈಗ ಓಡಿಸಿದವನು ಯಾರು? ನಾನು!"

"ತಪ್ಪು ಯಾರದೂ ಅಲ್ಲ, ಗಾಡಿ ಕಟ್ಟಿರೋದೇ ಹಾಗೆ ಅಂತ ಹೇಳ್ತೀನಿ."

"ಅಯ್ಯೋ ಬೇಡ! ಆ ಗಾಡೀನೇ ಬೇಕು ಅಂತ ಹಟ ಹಿಡಿದು ಕೊಂಡವನೂ ನಾನೇ!"

"ಏನದು ಕಂಬದ ಹಿಂದೆ ಗುಸುಗುಸು?" ಎಂದಳು ಹೆಂಡತಿ. ಎದ್ದು ಮೇಜಿನ ಹತ್ತಿರ ಬಂದು ನಿಂತಳು. "ಜಡ್ಜಣ್ಣ, ನೀವು ಮುಲಾಜು ನೋಡದವರು ಅಂತ ಕೇಳಿದ್ದೀನಿ. ಹೇಳಿ. ಇದು ಯಾರ ತಪ್ಪು?"

ಎಲ್ಲರೂ ಮೇಜಿನ ಹತ್ತಿರ ಸರಿದರು. ಪಂಕ್ಚರಿನವನು ಆಗಲೇ ಬಂದು ನಿಂತಿದ್ದ.

ಜಡ್ಜಿನ ನಾಲಿಗೆಯ ತುದಿಯಲ್ಲಿ ನಿಜ ಕುಣಿಯುತ್ತಿತ್ತು. ಗಾಡಿ ಕಟ್ಟಿರುವುದೇ ಹಾಗೆ ಎಂದು ಹೇಳಿದರೆ ಸಾಹುಕಾರನ ಮಾನ ಹೋಗುತ್ತದೆ, ಅವನು ಸಿಟ್ಟಾದರೆ ಬಾಮೈದನಿಗೆ ಆ ಬಾಗಿಲು ಪೂರ್ತಿ ಮುಚ್ಚುತ್ತದೆ. ಸಾಹುಕಾರನ ತಪ್ಪು ಎಂದು ಹೇಳಿದರೆ ಕೇಳುವುದೇ ಬೇಡ. ಅವನು ಬಾಮೈದನ ಕಡೆ ನೋಡಿದ. ಬಾಮೈದ ಬಟ್ಟೆಯಲ್ಲಿ ಒಂದು ಬೋಲ್ಟು ಒರೆಸುತ್ತಾ, ಗದ್ದದಿಂದ ತನ್ನ ಎದೆಯನ್ನೇ ತೋರಿಸಿ, ನನ್ನದೇ ಅಂತ ಹೇಳು ಎನ್ನುವಂತೆ ಹುಬ್ಬು ಹಾರಿಸಿದ.

ಜಡ್ಜು ಹಲ್ಲು ಕಚ್ಚಿದ. ಮೊದಲ ಸಲ ಹೇಳಿದಾಗ ಅವನಿಗೆ ಗೊತ್ತಿರಲಿಲ್ಲ, ಮಾತು ಬಾಣದ ಹಾಗೆ ಹೊರಟಿತ್ತು. ಈಗ ಗೊತ್ತಿದ್ದೂ ಹೇಳಬೇಕಾದಾಗ ಮೇಜಿನ ಮೇಲಿನ ಪ್ಯಾಡುಗಳನ್ನು ಇನ್ನೊಮ್ಮೆ ನೇರ ಮಾಡಿದ.

"ಇವನದು," ಎಂದ ಕಡೆಗೆ, ಬಾಮೈದನ ಕಡೆ ಬೆರಳು ಮಾಡಿ.

"ಇವನದಾ?" ಅವಳ ಕಣ್ಣು ಕಿರಿದಾಯಿತು. "ಇವನು ಸ್ಟೀರಿಂಗ್ ಮುಟ್ಟದೆ ಎಷ್ಟು ಕಾಲ ಆಯ್ತು?"

ಜಡ್ಜಿನ ಬಾಯಿ ತಾನೇ ದಾರಿ ಹುಡುಕಿಕೊಂಡಿತು.

"ಮುಟ್ಟದಿದ್ರೇನಮ್ಮ? ಈ ಗಾಡಿಗಳಿಗೆ ತಲೆ ಇರತ್ತೆ. ಮೊದಲು ಓಡಿಸಿದವನ ಚಾಳಿ ಕಲ್ತುಬಿಡ್ತವೆ. ಇವನು ಹಿಂದಿನ ಬ್ರೇಕಲ್ಲೇ ಓಡಿಸಿ ಓಡಿಸಿ ಅದಕ್ಕೂ ಅದೇ ಕಲಿಸಿದ್ದಾನೆ. ಈಗ ಯಜಮಾನರು ಎಷ್ಟು ಚೆನ್ನಾಗಿ ಓಡಿಸಿದ್ರೂ ಅದು ಕೇಳಲ್ಲ."

ಹೇಳಿ ಮುಗಿಸಿದ ಕೂಡಲೇ ತನ್ನ ಕಿವಿಗೇ ನಾಚಿಕೆಯಾಯಿತು. ಈ ಮಾತನ್ನು ಬೇರೆ ಮೆಕ್ಯಾನಿಕ್ ಹೇಳಿದ್ದರೆ ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ.

ಸಾಹುಕಾರನ ಹೆಂಡತಿ ನಿಧಾನವಾಗಿ ತಲೆಯಾಡಿಸಿದಳು. "ಹೌದು. ಷೋರೂಮಲ್ಲಿ ಆ ಟೈ ಕಟ್ಟಿದ ಹುಡುಗ ಹೇಳಿದ್ದ, ಗಾಡಿ ನಿಮ್ಮ ಅಭ್ಯಾಸ ಕಲಿಯತ್ತೆ ಅಂತ."

"ನಾನೂ ಕೇಳಿದ್ದೆ!" ಎಂದ ಸಾಹುಕಾರ. ಅವನ ಮುಖಕ್ಕೆ ರಕ್ತ ಮರಳಿತು.

"ಮತ್ತೆ ಕಲಿಸಿದವನನ್ನ ಮನೇಲಿ ಕೂರ್ಸಿ ನೀವು ಒದ್ದಾಡಿದ್ರೆ ಏನು ಬಂತು?" ಎಂದು ಅವಳು ಗಂಡನ ಮೇಲೆ ತಿರುಗಿದಳು. "ಕಲಿಸಿದವನೇ ಬಂದು ಬಿಡಿಸ್ಲಿ. ಏನಪ್ಪಾ, ಇವತ್ತಿಂದಲೇ ಬಾ. ನೀನು ಓಡಿಸಿದ್ರೆ ನಾನು ಕಣ್ಣು ಬಿಟ್ಕೊಂಡು ಕೂತ್ಕೋಬಹುದು. ಬೀಗದ ಕೈ ಕೊಡ್ರಿ ಅವನಿಗೆ."

ಸಾಹುಕಾರ ಕೊಟ್ಟ. ಕೊಡುವಾಗ ಕೈ ಸ್ವಲ್ಪವೂ ಹಿಂಜರಿಯಲಿಲ್ಲ. ಇನ್ನು ಮುಂದೆ ಯಾವ ಪ್ಯಾಡು ಸವೆದರೂ ಅದು ತನ್ನದಲ್ಲ ಎಂಬ ನೆಮ್ಮದಿ ಅವನ ಹೊಟ್ಟೆಯವರೆಗೂ ಕಾಣುತ್ತಿತ್ತು. ಅವನ ಹೆಂಡತಿ ಜಡ್ಜಿನ ಕಡೆ ತಿರುಗಿ ಕೈ ಮುಗಿದಳು.

"ಎರಡನೇ ಸಲವೂ ಸ್ವಂತ ಬಾಮೈದ ಅಂತ ನೋಡಲಿಲ್ಲ ನೀವು. ದೊಡ್ಡ ಮನುಷ್ಯರು."

ಸುತ್ತ ನಿಂತವರೆಲ್ಲ ತಲೆದೂಗಿದರು. ಜಡ್ಜು ಏನನ್ನಾದರೂ ಒಡೆಯಬೇಕೆನಿಸಿ ಕೈಗೆ ಸಿಕ್ಕ ಸುತ್ತಿಗೆ ಎತ್ತಿದ, ಏನೂ ಒಡೆಯದೆ ಕೆಳಗಿಟ್ಟ.

ಹೊಸ ಪ್ಯಾಡು ಹಾಕಿ ಚಕ್ರ ಬಿಗಿಯುವಾಗ ಬಾಮೈದ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ಬೋಲ್ಟುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಿದ್ದ.

"ಭಾವ," ಎಂದ ಮೆಲ್ಲಗೆ. "ಚಾಳಿ ಬಿಡಿಸೋಕೆ ಎಷ್ಟು ಕಾಲ ಬೇಕು ಅಂತ ಕೇಳಿದ್ರೆ ಏನು ಹೇಳ್ಲಿ?"

ಜಡ್ಜು ಸ್ಪ್ಯಾನರಿನ ಮೇಲೆ ಮೈಭಾರವೆಲ್ಲ ಬಿಟ್ಟು ಒಂದು ಸುತ್ತು ಬಿಗಿದ.

"ನಿನಗೆ ವಯಸ್ಸಾಗಿ ಕಣ್ಣು ಕಾಣದಂಗೆ ಆಗೋವರೆಗೂ ಬೇಕು ಅಂತ ಹೇಳು. ಆ ಬೋಲ್ಟ್ ಕೊಡು."